ಟೇಪಿನ ಕೊನೆಯ ಕೆಮ್ಮು

ಅಮ್ಮ ಅದನ್ನು ಕೋಟಿನೊಳಗೆ ತಂದಳು,
ಬ್ರೆಡ್ಡಿನ ಪೊಟ್ಟಣದ ಹಾಗೆ.
ಗಡಿಯಾರದ ಕಾರ್ಖಾನೆ ಆಗ
ಗಡಿಯಾರ ಬಿಟ್ಟು ಕಂಪ್ಯೂಟರು ಜೋಡಿಸುತ್ತಿತ್ತು.
ಹೇಗೆ ಬಂತೆಂದು ಅಪ್ಪ ಕೇಳಲಿಲ್ಲ.
ಡಂಡೀ ಊರಿನಲ್ಲಿ ಆ ವರ್ಷ
ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ರಬ್ಬರಿನ ಗುಂಡಿ. ಒತ್ತಿದರೆ
ಸತ್ತ ಮೀನಿನ ಹೊಟ್ಟೆಯಷ್ಟು ಮೆತ್ತಗೆ.
ನೆನಪು ನಲವತ್ತೆಂಟು ಕೆ.
‘ನಮ್ಮ ಪಾದ್ರಿಗಿಂತ ಜಾಸ್ತಿ’ ಅಂದ ಅಪ್ಪ.
ಕೆಮ್ಮಿದ.

ಆ ಕೆಮ್ಮಿಗೆ ನನಗಿಂತ ವಯಸ್ಸು.
ಹದಿನಾಲ್ಕಕ್ಕೇ ಸೆಣಬಿನ ಗಿರಣಿ ಹೊಕ್ಕವನು;
ಬಂಗಾಳದ ಧೂಳು ಹಡಗೇರಿ ಬಂದು
ಅವನೆದೆಯಲ್ಲಿ ಬಿಡಾರ ಹೂಡಿತ್ತು.
ಗಿರಣಿ ಮುಚ್ಚಿತು.
ಧೂಳು ಮನೆ ಖಾಲಿ ಮಾಡಲಿಲ್ಲ.

ಅಣ್ಣ ಫಿನ್ಲೆ, ಲೆಕ್ಕದಲ್ಲಿ ಎರಡು ಸಲ ಫೇಲು,
ರಾತ್ರಿಯೆಲ್ಲ ಚೌಕುಳಿ ಹಾಳೆಯಲ್ಲಿ
ಎಂಟಕ್ಕೆಂಟು ಮನೆ ಹಾಕಿ
ಕೆಲವಕ್ಕೆ ಮಸಿ ತುಂಬಿ, ಕೆಲವನ್ನು ಬಿಟ್ಟು
ಮನುಷ್ಯನನ್ನು ಮಾಡುತ್ತಿದ್ದ.
ದೇವರಿಗಾದರೆ ಬೇಕಾದಷ್ಟು ಮಣ್ಣಿತ್ತು.
ಇವನಿಗೆ ಅರವತ್ನಾಲ್ಕು ಚುಕ್ಕಿ.

ಮಾಡಿದ್ದು ಒಬ್ಬ ಅಡುಗೆಯವನನ್ನು:
ತಿಮಿಂಗಿಲದ ಹಡಗಿನಲ್ಲಿ
ಓಡಿಹೋದ ಹಂಡೆಯ ಬೆನ್ನು ಹತ್ತಿದವನು.
ಇಪ್ಪತ್ತು ಕೋಣೆ. ವೈರಿಗಳು:
ಪೆಂಗ್ವಿನ್ನು, ಹಾರುವ ಕೆಟಲು, ತೆರಿಗೆಯವನು.
ಅಮ್ಮ ನೋಡಿ, ‘ಹಂಡೆಗೆ ಹಿಡಿಕೆ ಇಲ್ಲವಲ್ಲೋ’ ಅಂದಳು.
ಹಿಡಿಕೆಗೆ ಜಾಗ ಉಳಿದಿರಲಿಲ್ಲ.

ಹೊಸ ಕ್ಯಾಸೆಟ್ಟಿಗೆ ಕಾಸಿರಲಿಲ್ಲ.
ಅಪ್ಪ ಅಕಾರ್ಡಿಯನ್ ನುಡಿಸಿ ತುಂಬಿಟ್ಟ ಟೇಪಿತ್ತು;
ಅದರ ಮೇಲೇ ಆಟ ಹತ್ತಿಸಿದ.
ಕುಣಿತದ ಹಾಡೆಲ್ಲ ಅಳಿಸಿ
ಕೀ ಎಂದು ಕಿರುಚುವ ಐದು ನಿಮಿಷ,
ಬಾಣಲೆಯಲ್ಲಿ ಗುಬ್ಬಿ ಹುರಿದಂತೆ.
ಟೀವಿಯ ಅಂಚಿನಲ್ಲಿ ಹಳದಿ ನೀಲಿ ಪಟ್ಟೆ ಓಡುತ್ತಿತ್ತು.
ಪಕ್ಕದ ಮನೆಯ ಮಿಸೆಸ್ ಗೌರ್ಲಿ
ಗೋಡೆ ಗುದ್ದುತ್ತಿದ್ದಳು.

ನನ್ನ ಕೆಲಸ: ಮುಖಪುಟ ಮಡಚುವುದು,
ಅಂಚೆಚೀಟಿ ನೆಕ್ಕುವುದು.
ಇನ್ನೂರ ಹನ್ನೆರಡು ನೆಕ್ಕಿದೆ.
ಕಂಪನಿಯ ಇತಿಹಾಸದಲ್ಲಿ ನನ್ನ ಹೆಸರಿಲ್ಲ,
ನಾಲಿಗೆಗೆ ಮಾತ್ರ ಗೋಂದಿನ ರುಚಿ ಗೊತ್ತು.

ಮೂರನೇ ವಾರ ಹಲ್ ಊರಿನಿಂದ ಕಾಗದ,
ಹನ್ನೆರಡು ವರ್ಷದ ಡೆಸ್ಮಂಡ್ ಕ್ಲೆಗ್:
‘ಆಟ ಲೋಡಾದ ಮೇಲೆ ಟೇಪು ನಿಲ್ಲಿಸಲು ಮರೆತೆ.
ಕೊನೆಯಲ್ಲಿ ಯಾರೋ ಎರಡು ಸಲ ಕೆಮ್ಮಿ,
ತಡೆದು, ಇನ್ನೊಮ್ಮೆ ಕೆಮ್ಮಿದರು.
ಹನ್ನೊಂದನೇ ಕೋಣೆಯ ಬೀಗಕ್ಕೆ ಇದೇ ಸುಳಿವೇ?’

ಫಿನ್ಲೆಯ ಕಿವಿ ಕೆಂಪಾಯಿತು.
ಅಪ್ಪ ಕಾಗದ ಇಸಕೊಂಡು ಓದಿ
ನಕ್ಕ, ನಕ್ಕು ಕೆಮ್ಮಿದ, ಕೆಮ್ಮಿ ನಕ್ಕ,
ಅಮ್ಮ ಬಂದು ಬೆನ್ನು ತಟ್ಟುವವರೆಗೂ.
‘ಹೌದು ಅಂತ ಬರಿ ಆ ಹುಡುಗನಿಗೆ.’

ಬರೆದ. ಬರೆದ ಮೇಲೆ ಸುಳ್ಳಾಗಬಾರದಲ್ಲ,
ರಾತ್ರಿಯೆಲ್ಲ ಕೂತು ಬೀಗ ಬದಲಿಸಿದ:
ಒಂದು ಗುಂಡಿ ಎರಡು ಸಲ, ತಡೆ, ಒಂದು ಸಲ,
ಬಾಗಿಲು ತೆರೆಯುತ್ತದೆ.
ಹುಡುಗನಿಗೆ ಹೊಸ ಟೇಪು ಕಳಿಸಿದ, ಪುಕ್ಕಟೆ.
ಚೀಟಿ ನಾನೇ ನೆಕ್ಕಿದೆ.

ಆಮೇಲಿನದು ಎಲ್ಲರಿಗೂ ಆದದ್ದೇ.
ಲಂಡನ್ನಿನ ಕಂಪನಿ ಬಂತು, ಚೆಕ್ಕು ಬಂತು,
ಎರಡನೇ ಚೆಕ್ಕು ಬರುವ ಮೊದಲು ಕಂಪನಿ ಹೋಯಿತು.
ಅಮ್ಮನ ಕಾರ್ಖಾನೆಯ ಗೇಟಿನಲ್ಲಿ ಮುಷ್ಕರ,
ಕಿಟಕಿಗೆ ಜಾಲರಿ ಹಾಕಿದ ಬಸ್ಸು,
ಒಳಗೆ ತಲೆ ತಗ್ಗಿಸಿ ಕೂತ ನಮ್ಮೂರಿನವರೇ.
ಅಪ್ಪ ಅದನ್ನು ನೋಡಲು ಉಳಿದಿರಲಿಲ್ಲ.
ಈಗ ಫಿನ್ಲೆಯ ಕೈಕೆಳಗೆ ಮುನ್ನೂರು ಜನ,
ಆಟ ಮುಗಿದ ಮೇಲೆ ಹನ್ನೊಂದು ನಿಮಿಷ
ಹೆಸರುಗಳೇ ಹರಿಯುತ್ತವೆ.

ಹೋದ ತಿಂಗಳು ಒಬ್ಬ ಒಳ್ಳೆಯ ತರುಣ,
ಹಳೆಯ ಆಟಗಳನ್ನು ಉಳಿಸಿಡುವವನು,
ನಮ್ಮದನ್ನೂ ಉಳಿಸಿದ್ದೇನೆಂದು ತೋರಿಸಿದ.
ಅಡುಗೆಯವನಿದ್ದ. ಹಿಡಿಕೆಯಿಲ್ಲದ ಹಂಡೆ ಇತ್ತು.
‘ಒಂದು ಬೈಟೂ ನಷ್ಟವಾಗಿಲ್ಲ’ ಅಂದ.
ಕೊನೆಯವರೆಗೂ ಕೇಳಿದೆ. ಕಿರುಚಾಟ ನಿಂತಿತು,
ಕಡತವೂ ನಿಂತಿತು.
‘ಆಮೇಲೆ ಏನೋ ಸದ್ದಿತ್ತಲ್ಲ?’
‘ಅದು ದತ್ತಾಂಶವಲ್ಲ, ಮೇಡಂ. ಕತ್ತರಿಸಿದೆ.’

ನನ್ನ ಬಳಿ ಒಂದು ಟೇಪಿದೆ.
ಹಾಕಿದಷ್ಟೂ ಸವೆಯುತ್ತದೆ ಎನ್ನುತ್ತಾರೆ.
ಸಾಕ್ಸಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ,
ವರ್ಷಕ್ಕೊಮ್ಮೆ ಬೇರೆ ಡ್ರಾಯರಿಗೆ.